ಓಟು ಹಾಕದವನಿಗೆ ದಂಡವಂತೆ; ಚುನಾವಣೆ ನಡೆಸದವರಿಗೆ?

ಪ್ರತಿ ಚುನಾವಣೆ ಮುಗಿದ ಮರುದಿನ ನಮ್ಮ ರಾಜ್ಯದಲ್ಲಿ ಒಂದು ಹರಿಕಥೆ ನಡೆಯುತ್ತದೆ. ಹರಿಕಥೆಯ ದಾಸರು ಬೇರೆ ಬೇರೆ, ಕಥೆ ಮಾತ್ರ ಒಂದೇ. ಜನರಿಗೆ ರಾಜಕೀಯ ಬೇಡವಾಗಿದೆ, ರಜೆ ಕೊಟ್ಟರೂ ಮತಗಟ್ಟೆಗೆ ಬರಲಿಲ್ಲ, ಇಂಥ ಜನರಿಗೆ ಪ್ರಜಾಪ್ರಭುತ್ವ ಯಾಕೆ ಬೇಕು ಎಂಬುದೇ ಆ ಕಥೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ನೂರಕ್ಕೆ ಸುಮಾರು 53 ಮಂದಿ ಮಾತ್ರ ಓಟು ಹಾಕಿದರೆಂದು ತಿಳಿದಾಗಲೂ ಇದೇ ನಡೆಯಿತು. ಮಂತ್ರಿಗಳು ಬುದ್ಧಿ ಹೇಳಿದರು, ಅಧಿಕಾರಿಗಳು ಖೇದ ವ್ಯಕ್ತಪಡಿಸಿದರು, ಪಟ್ಟಣದ ಶ್ರೀಮಂತರು ತಮ್ಮ ಬೆರಳಿನ ಮಸಿಯ ಪಟ ತೆಗೆದು ಊರಿಗೆಲ್ಲ ತೋರಿಸಿದರು. ಆ ಮಸಿ ನಮ್ಮ ಮೈಸೂರಿನದು. 1962ರಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಹೋಗುತ್ತಿದೆ. ಮಸಿ ಕೊಟ್ಟ ನಾಡಿನವರಿಗೇ ಓಟಿನ ಬೆಲೆ ತಿಳಿಯದೆಂದು ಈ ಮಹನೀಯರ ಅಭಿಪ್ರಾಯ!

ನಾವು ಒಂದು ಪ್ರಶ್ನೆ ಕೇಳಬಯಸುತ್ತೇವೆ. ಜನರು ರಾಜಕೀಯವನ್ನು ಬಿಟ್ಟರೋ, ರಾಜಕೀಯವೇ ಜನರನ್ನು ಬಿಟ್ಟು ಹೋಯಿತೋ?

ಮೊದಲು ಲೆಕ್ಕವನ್ನೇ ನೋಡೋಣ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆಯಿತು. ಆಗ ಓಟು ಹಾಕಿದವರು ನೂರಕ್ಕೆ ಸುಮಾರು 45. 2019ರಲ್ಲಿ ಆ ಸಂಖ್ಯೆ 67 ದಾಟಿತ್ತು, 2024ರಲ್ಲಿ 66ರ ಹತ್ತಿರ ನಿಂತಿತು. ಬೆಂಗಳೂರು ದಕ್ಷಿಣದಲ್ಲಿ 53 ಆದ ಅದೇ ಚುನಾವಣೆಯಲ್ಲಿ ಮಂಡ್ಯದ ರೈತರೂ ಕೂಲಿಕಾರರೂ 80 ದಾಟಿಸಿದರು. ಬಿಸಿಲಿನಲ್ಲಿ ಸಾಲು ನಿಂತವರಾರು, ಮನೆಯಲ್ಲಿ ಪಂಖದ ಕೆಳಗೆ ಕುಳಿತವರಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದುದರಿಂದ "ಜನರಿಗೆ ಆಸಕ್ತಿಯಿಲ್ಲ" ಎಂಬ ಮಾತು ಲೆಕ್ಕದ ಪ್ರಕಾರವೇ ಸುಳ್ಳು.

ಹಾಗೆಂದು ಎಲ್ಲವೂ ಸರಿಯಾಗಿದೆ ಎಂದು ನಾವು ಹೇಳುವುದಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಚುನಾವಣೆಯ ಕೆಲಸಕ್ಕೆ ನಮ್ಮನ್ನು ಒಮ್ಮೆ ಕಾಡಿನಂಚಿನ ಒಂದು ಹಳ್ಳಿಗೆ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕಿ ಮೊಮ್ಮಗನ ಹೆಗಲು ಹಿಡಿದು ಬಂದಳು. ಚೀಟಿ ತೋರಿಸಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು, ಗುಂಡಿ ಒತ್ತಿ ಹೊರಬಂದವಳು ನಮ್ಮನ್ನು ನೋಡಿ, "ನಮ್ಮ ಕೆಲ್ಸ ಆಯ್ತು ಮೇಷ್ಟ್ರೇ. ಇನ್ನು ಐದು ವರ್ಷ ಅವ್ರು ಈ ಕಡೆ ಬರಾದಿಲ್ಲ, ಅಲ್ದಾ?" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಳೆ ಬರುವುದಿಲ್ಲ ಅಲ್ಲವೇ ಎಂದು ಕೇಳುವಂತೆ ಕೇಳಿದ್ದಳು. ಓದುಗರು ಇದನ್ನು ಗಮನಿಸಬೇಕು. ಆಕೆ ಓಟು ಕೊಟ್ಟಳು, ಆದರೆ ಆಸೆಯನ್ನು ಕೊಡಲಿಲ್ಲ. ನಮ್ಮ ದೇಶದ ರೋಗ ಇದು. ಯೂರೋಪಿನಲ್ಲಿ ಬೇಸತ್ತವನು ಮನೆಯಲ್ಲಿ ಕೂರುತ್ತಾನೆ. ಇಲ್ಲಿ ಬೇಸತ್ತವನೂ ಬಂದು ಓಟು ಹಾಕಿ, ಏನನ್ನೂ ನಿರೀಕ್ಷಿಸದೆ ಮನೆಗೆ ಹೋಗುತ್ತಾನೆ. ಎರಡರ ಬೇರೂ ಒಂದೇ ಎಂಬುದು ನಮ್ಮ ವಾದ.

ಯೂರೋಪಿನ ಮಾತು ಬಂದುದರಿಂದ ಅಲ್ಲಿನ ಸಂಗತಿಯನ್ನೂ ನೋಡಬೇಕು. ಪ್ರಜಾಪ್ರಭುತ್ವದ ತವರುಮನೆ ಎಂದು ನಮ್ಮ ಪಠ್ಯಪುಸ್ತಕಗಳು ಹೊಗಳುವ ಬ್ರಿಟನ್ನಿನಲ್ಲಿ 1950ರಲ್ಲಿ ನೂರಕ್ಕೆ 84ರ ಸಮೀಪ ಮತದಾನವಾಗಿತ್ತು. 2001ರಲ್ಲಿ ಅದು 59ಕ್ಕೆ ಇಳಿಯಿತು, 2024ರಲ್ಲಿ 60ರ ಸುಮಾರಿನಲ್ಲಿತ್ತು. ಆ 2024ರಲ್ಲಿ ಗೆದ್ದ ಲೇಬರ್ ಪಕ್ಷಕ್ಕೆ ಬಂದ ಓಟು ಚಲಾವಣೆಯಾದುದರಲ್ಲಿ ನೂರಕ್ಕೆ 34. ಮನೆಯಲ್ಲಿ ಕುಳಿತವರನ್ನೂ ಸೇರಿಸಿ ಲೆಕ್ಕ ಹಾಕಿದರೆ ಐವರು ಓಟುದಾರರಲ್ಲಿ ಒಬ್ಬರ ಬೆಂಬಲ. ಪಾರ್ಲಿಮೆಂಟಿನಲ್ಲಿ ಮಾತ್ರ 650 ಸ್ಥಾನಗಳಲ್ಲಿ 400ಕ್ಕೂ ಹೆಚ್ಚು! ಅಲ್ಲಿನ ಪಕ್ಷಗಳ ಗತಿಯೂ ಹಾಗೆಯೇ. 1953ರಲ್ಲಿ ಕನ್ಸರ್ವೇಟಿವ್ ಪಕ್ಷ ತನಗೆ 28 ಲಕ್ಷ ಸದಸ್ಯರಿದ್ದಾರೆಂದು ಹೇಳಿಕೊಂಡಿತ್ತು. 2024ರಲ್ಲಿ ಅದೇ ಪಕ್ಷ ತನ್ನ ನಾಯಕರನ್ನು ಆರಿಸುವಾಗ ಓಟಿನ ಹಕ್ಕಿದ್ದ ಸದಸ್ಯರು ಸುಮಾರು 1 ಲಕ್ಷ 31 ಸಾವಿರ. ಊರೂರಿನ ಪಕ್ಷದ ಕಚೇರಿ, ಸಂಜೆಯ ಸಭೆ, ಮನೆಮನೆಗೆ ಹೋಗುವ ಕಾರ್ಯಕರ್ತ ಎಲ್ಲ ಕರಗಿ, ಉಳಿದದ್ದು ನಾಯಕ ಮತ್ತು ಅವನ ಮುಖ ತೋರಿಸುವ ಪರದೆ.

ಇದು ಸೋಮಾರಿತನವಲ್ಲ. ಆ ಜನ ಓಟು ಹಾಕಿ ನೋಡಿದ್ದಾರೆ. ಯೂರೋಪಿನ ಒಕ್ಕೂಟಕ್ಕೆ ಹೊಸ ಸಂವಿಧಾನ ಬೇಕೇ ಎಂದು 2005ರ ಮೇ ತಿಂಗಳಲ್ಲಿ ಫ್ರಾನ್ಸಿನ ಜನರನ್ನು ಕೇಳಿದರು. ನೂರಕ್ಕೆ ಸುಮಾರು 55 ಮಂದಿ ಬೇಡವೆಂದರು. ಮೂರು ದಿನ ಕಳೆದು ಡಚ್ಚರು ಇನ್ನೂ ಗಟ್ಟಿಯಾಗಿ ಬೇಡವೆಂದರು. ಆಮೇಲೆ ಏನಾಯಿತು? ಅದರ ಮುಕ್ಕಾಲುಪಾಲು ಸರಕನ್ನು ಲಿಸ್ಬನ್ ಒಪ್ಪಂದವೆಂಬ ಬೇರೆ ಗೋಣಿಯಲ್ಲಿ ತುಂಬಿ 2007ರಲ್ಲಿ ಸಹಿ ಹಾಕಿದರು. 2008ರಲ್ಲಿ ಎರಡೂ ದೇಶಗಳ ಪಾರ್ಲಿಮೆಂಟುಗಳು ಅದಕ್ಕೆ ಮುದ್ರೆ ಒತ್ತಿದವು. ಈ ಸಲ ಆ ಎರಡು ದೇಶಗಳ ಜನರನ್ನು ಕೇಳುವ ತಪ್ಪನ್ನು ಯಾರೂ ಮಾಡಲಿಲ್ಲ.

ಗ್ರೀಸಿನ ಕಥೆ ಇನ್ನೂ ಕಹಿ. ಸಾಲದಲ್ಲಿ ಮುಳುಗಿದ್ದ ಆ ದೇಶಕ್ಕೆ, ಪಿಂಚಣಿ ಕಡಿಯಬೇಕು, ತೆರಿಗೆ ಏರಿಸಬೇಕು ಎಂದು ಸಾಲ ಕೊಟ್ಟ ಯೂರೋಪಿನ ಸಂಸ್ಥೆಗಳೂ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ಷರತ್ತು ಹಾಕಿದವು. 2015ರ ಜುಲೈ 5ರಂದು ಜನಮತ ತೆಗೆದುಕೊಂಡಾಗ ನೂರಕ್ಕೆ 61 ಮಂದಿ ಆ ಷರತ್ತನ್ನು ತಿರಸ್ಕರಿಸಿದರು. ಬ್ಯಾಂಕುಗಳ ಬಾಗಿಲು ಮುಚ್ಚಿತ್ತು, ಯಂತ್ರದಿಂದ ದಿನಕ್ಕೆ 60 ಯೂರೋ ಮೀರಿ ತೆಗೆಯುವಂತಿರಲಿಲ್ಲ. ಅಂಥ ದಿನದಲ್ಲಿಯೂ ಜನ ಎದೆ ಗಟ್ಟಿ ಮಾಡಿ ಬೇಡವೆಂದರು. ಎಂಟೇ ದಿನಗಳಲ್ಲಿ ಅವರ ಸರ್ಕಾರ ಸಾಲಗಾರರ ಮುಂದೆ ತಲೆ ಬಾಗಿಸಿ, ಅಷ್ಟೇ ಕಠಿಣವಾದ ಷರತ್ತುಗಳಿಗೆ ಒಪ್ಪಿಬಂತು. ಆ ಸರ್ಕಾರ ಎಡಪಂಥದ್ದು ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ ಬಂದಾಗ ಮತದಾನ ನೂರಕ್ಕೆ 57ರ ಒಳಗೆ ಇಳಿಯಿತು. ಜನವರಿಯಲ್ಲಿ ಅದು 63 ದಾಟಿತ್ತು. ಮನೆಯಲ್ಲಿ ಕುಳಿತ ಗ್ರೀಕನನ್ನು ಮೂರ್ಖನೆನ್ನುವ ಧೈರ್ಯ ಯಾರಿಗಿದೆ?

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ಅಲ್ಲಿ ಜನ ಕೊಟ್ಟ ತೀರ್ಪನ್ನು ಬದಿಗೆ ತಳ್ಳಿದರು. ಇಲ್ಲಿ ನಮ್ಮವರು ಅದಕ್ಕಿಂತ ಜಾಣರು, ಜನ ತೀರ್ಪು ಕೊಡುವ ದಿನವೇ ಬಾರದಂತೆ ನೋಡಿಕೊಂಡರು.

ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆ ವರ್ಷ ಚುನಾವಣೆ ಇಲ್ಲ. 2022ರಲ್ಲಿ ಇಲ್ಲ, 2023ರಲ್ಲಿ ಇಲ್ಲ, 2024 ಮುಗಿದರೂ ಇಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿಯೇ ಮುಗಿದಿತ್ತು. ಅದಕ್ಕೂ ಚುನಾವಣೆ ಮಾಡದೆ ಕಾಲ ತಳ್ಳಿ, ಕಡೆಗೆ 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. ಜನ ಓಟಿಗೆ ಬರುವುದಿಲ್ಲ ಎಂದು ದೂರುವ ಅದೇ ಬೆಂಗಳೂರು ಇದು! ತನ್ನ ಬೀದಿಯ ಚರಂಡಿಯ ಬಗ್ಗೆ ಐದು ವರ್ಷ ಯಾರನ್ನೂ ಆರಿಸುವ ಅವಕಾಶ ಕೊಡದೆ, ದಿಲ್ಲಿಗೆ ಆರಿಸಲು ಬಾರೆಂದು ಕರೆದು, ಬರಲಿಲ್ಲವೆಂದು ಬೈಯುವುದು ಯಾವ ನ್ಯಾಯ?

ಸಂವಿಧಾನ ಈ ವಿಷಯದಲ್ಲಿ ಸಂದಿಗ್ಧವಾಗಿಲ್ಲ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ, ಪಂಚಾಯತಿಯ ಆಯುಷ್ಯ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಪೂರೈಸಬೇಕು ಎಂದು ಕಡ್ಡಾಯ ಮಾಡಿತು. ಪಟ್ಟಣಗಳಿಗೆ 74ನೆಯ ತಿದ್ದುಪಡಿಯೂ ಅದನ್ನೇ ಹೇಳಿತು. ಅಹಮದಾಬಾದ್ ನಗರಪಾಲಿಕೆಯ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರಗಳು ನೆಪ ಹೇಳಿ ಈ ಚುನಾವಣೆಗಳನ್ನು ಮುಂದೂಡಕೂಡದೆಂದು ತೀರ್ಪು ಕೊಟ್ಟಿತು. ನಮ್ಮವರು ನೆಪಗಳಿಗೆ ಬಡವರಲ್ಲ. ಮೊದಲು ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತು 2021ರಲ್ಲಿ ಬೇರೊಂದು ಆಯೋಗ ಮಾಡಿದರು. ಆಮೇಲೆ ಹಿಂದುಳಿದವರ ಮೀಸಲಾತಿಯ ಲೆಕ್ಕ ಬೇಕೆಂದರು. ಆಮೇಲೆ ಕೋರ್ಟಿನಲ್ಲಿದೆ ಎಂದರು. ಹಿಂದುಳಿದವರಿಗೆ ಮೀಸಲಾತಿ ಬೇಕೇ ಬೇಕು, ಅದಕ್ಕಾಗಿ ಹೋರಾಡಿದವರಲ್ಲಿ ನಾವೂ ಇದ್ದೇವೆ. ಆದರೆ ಹಿಂದುಳಿದವನಿಗೆ ಕುರ್ಚಿ ಅಳತೆ ಮಾಡುತ್ತೇವೆಂದು ಹೇಳಿ ಎಲ್ಲರ ಕುರ್ಚಿಯನ್ನೂ ವರ್ಷಗಟ್ಟಲೆ ಕೋಣೆಯೊಳಗಿಟ್ಟು ಬೀಗ ಹಾಕುವುದು ಸಾಮಾಜಿಕ ನ್ಯಾಯವಲ್ಲ, ಕಳ್ಳಾಟ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಭಾರತೀಯ ಜನತಾ ಪಕ್ಷ ಹೋಗಿ ಕಾಂಗ್ರೆಸ್ಸು ಬಂತು. ಈ ಒಂದು ವಿಷಯದಲ್ಲಿ ಮಾತ್ರ ಹಳಬರ ಫೈಲನ್ನು ಹೊಸಬರು ಎಷ್ಟು ಗೌರವದಿಂದ ಕಾಪಾಡಿದರು!

ಇದರಿಂದ ಖಾಲಿಯಾದದ್ದು ಎಷ್ಟು ಎಂದು ಓದುಗರು ಯೋಚಿಸಬೇಕು. ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯತಿ ಸದಸ್ಯರು, ನಾಲ್ಕು ಸಾವಿರದ ಹತ್ತಿರ ತಾಲೂಕು ಪಂಚಾಯತಿ ಸದಸ್ಯರು. ಈ ಸ್ಥಾನಗಳಲ್ಲಿ ಅರ್ಧ ಹೆಂಗಸರಿಗೆ ಮೀಸಲು. ವಿಧಾನಸಭೆಯ ಬಾಗಿಲು ಕನಸಿನಲ್ಲಿಯೂ ಕಾಣದಿದ್ದ ಕುಂಬಾರರ, ಬೆಸ್ತರ, ಮಾದಿಗರ, ಲಂಬಾಣಿಗರ ಮನೆಯ ಸೊಸೆಯಂದಿರು ಜಿಲ್ಲೆಯ ಲೆಕ್ಕಪತ್ರದ ಮುಂದೆ ಕುಳಿತು, ಇಂಜಿನಿಯರನನ್ನು "ಈ ರಸ್ತೆಯ ದುಡ್ಡೆಲ್ಲಿ?" ಎಂದು ಕೇಳುವ ಜಾಗ ಅದು. ಆ ಐದು ಸಾವಿರ ಕುರ್ಚಿಗಳಲ್ಲಿ ವರ್ಷಗಟ್ಟಲೆ ಯಾರೂ ಇರಲಿಲ್ಲ. ಅವರ ಬದಲು ಆಡಳಿತಾಧಿಕಾರಿ ಇದ್ದರು. ಆಡಳಿತಾಧಿಕಾರಿ ಒಳ್ಳೆಯವರಿರಬಹುದು. ಆದರೆ ಶಾಲೆಯ ಮಾಡು ಸೋರುತ್ತಿದೆ ಎಂದು ಹೇಳಿಕೊಂಡು ಸಂತೆಯಲ್ಲಿ ಅವರ ಕೈ ಹಿಡಿದು ನಿಲ್ಲಿಸಲಾದೀತೇ? ಸದಸ್ಯನಾದರೆ ಅದೇ ಸಂತೆಯಲ್ಲಿ ಈರುಳ್ಳಿ ಕೊಳ್ಳುತ್ತಿರುತ್ತಾನೆ. ತಪ್ಪಿಸಿಕೊಂಡು ಹೋಗಲು ದಾರಿ ಇಲ್ಲ.

ಇದು ಯಾಕಾಯಿತು? ನೆಪಗಳನ್ನು ಬಿಟ್ಟು ಕಾರಣ ಹೇಳುತ್ತೇವೆ. ಶಾಸಕನಿಗೆ ತನ್ನ ಕ್ಷೇತ್ರದಲ್ಲಿ ಇನ್ನೊಬ್ಬ ಚುನಾಯಿತ ಮನುಷ್ಯ ಬೇಡ. ಜಿಲ್ಲಾ ಪಂಚಾಯತಿ ಸದಸ್ಯ ಐದು ವರ್ಷ ಚೆನ್ನಾಗಿ ಓಡಾಡಿದರೆ ಮುಂದಿನ ಸಲ ಅವನೇ ಉಮೇದುವಾರ. ಆ ಭಯ ಒಂದು. ಕೊಳವೆಬಾವಿ ಎಲ್ಲಿ ಕೊರೆಯಬೇಕು, ಕಾಮಗಾರಿ ಯಾವ ಗುತ್ತಿಗೆದಾರನಿಗೆ, ಮನೆ ಯಾರಿಗೆ ಎಂಬ ಪಟ್ಟಿ ತನ್ನ ಕಿಸೆಯಲ್ಲಿಯೇ ಇರಬೇಕೆಂಬ ಆಸೆ ಇನ್ನೊಂದು. ಪಕ್ಷ ಯಾವುದಾದರೇನು, ಈ ಭಯ ಮತ್ತು ಈ ಆಸೆಯಲ್ಲಿ ಶಾಸಕರೆಲ್ಲ ಒಂದೇ ಪಕ್ಷ.

ಹೀಗೆಯೇ ಇರಬೇಕೆಂದೇನೂ ಇಲ್ಲ. ಇದೇ ರಾಜ್ಯ ಒಮ್ಮೆ ದಾರಿ ತೋರಿಸಿತ್ತು. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತಿ ಖಾತೆಯ ಮಂತ್ರಿಯಾಗಿದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರಿಂದ "ನೀರ್ ಸಾಬ್" ಎನ್ನಿಸಿಕೊಂಡವರು. ಅವರು ಮಾಡಿಸಿದ ಕಾನೂನಿನಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಆಗಲೇ ನೂರಕ್ಕೆ 25 ಸ್ಥಾನ ಹೆಂಗಸರಿಗೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯಮಂತ್ರಿಯ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಸಾಮಾನ್ಯ ರೈತನೊಬ್ಬ ಅಧ್ಯಕ್ಷನಾಗಿ ಕುಳಿತರೆ ಐ.ಎ.ಎಸ್. ಅಧಿಕಾರಿ ಎದ್ದುನಿಂತು ಲೆಕ್ಕ ಒಪ್ಪಿಸಬೇಕು! ಹಿರಿಯರನ್ನು ಕೇಳಿ ನೋಡಿ, ಆ ದಿನಗಳಲ್ಲಿ ಹಳ್ಳಿಯವರಿಗೆ ರಾಜಕೀಯ ಬೇಡವಾಗಿತ್ತೇ? ಚಹದಂಗಡಿಯಲ್ಲಿ ಜಿಲ್ಲಾ ಪರಿಷತ್ತಿನ ಸಭೆಯ ಮಾತೇ ಮಾತು. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಆಗಿನ ಸರ್ಕಾರ ಆಡಳಿತಾಧಿಕಾರಿಗಳನ್ನು ತಂದು ಕೂರಿಸಿತು. ಜಿಲ್ಲಾ ಮಟ್ಟಕ್ಕೆ ಮತ್ತೆ ಚುನಾವಣೆ ಬಂದದ್ದು 1995ರಲ್ಲಿ. ಈ ಕಳ್ಳದಾರಿ ಹೊಸದಲ್ಲ ಎಂಬುದಕ್ಕೆ ಇದನ್ನು ಹೇಳಿದೆವು.

ಇನ್ನೂ ಹಿಂದಕ್ಕೆ ಹೋಗೋಣ. ನಮ್ಮ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದುನಿಂತರು. ಆಗ ದೇಶದಲ್ಲಿ ಎಲ್ಲರಿಗೂ ಓಟಿನ ಚುನಾವಣೆ ಇನ್ನೂ ಒಂದೂ ನಡೆದಿರಲಿಲ್ಲ. ಆ ದೀವರ ರೈತರಲ್ಲಿ ಮುಕ್ಕಾಲುಪಾಲು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಯಾರೂ ಅವರಿಗೆ "ಮತದಾರರ ಜಾಗೃತಿ" ಮಾಡಿಸಿರಲಿಲ್ಲ. ಜಗಳ ಯಾತರದು? ಕೊಳಗದ್ದು. ಗೇಣಿ ಅಳೆಸಿಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು ಎಂಬುದು. ಕಣದಲ್ಲಿ ಕಣ್ಣೆದುರಿಗೇ ನಡೆಯುವ ಮೋಸ. ಅದನ್ನು ಸರಿಮಾಡುವುದೇ ರಾಜಕೀಯವೆಂದು ತಿಳಿದ ದಿನ ಅವರು ಜೈಲಿಗೂ ಹೆದರಲಿಲ್ಲ. ಲೋಹಿಯಾರವರು ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಆರಿಸಿಬಂದರು. ಕೊಳಗ ಎಲ್ಲಿದೆಯೋ ಅಲ್ಲಿಗೆ ಜನ ಬರುತ್ತಾರೆ. ಹಳ್ಳಿ, ಜಿಲ್ಲೆ, ಪ್ರಾಂತ್ಯ, ಕೇಂದ್ರ ಈ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಲೋಹಿಯಾ ಹೇಳಿದ್ದು ಅದಕ್ಕೇ. ಕೆಳಗಿನ ಎರಡು ಕಂಬ ಕೊರೆದು, ಮೇಲಿನ ಎರಡರಲ್ಲಿ ಮನೆ ಯಾಕೆ ವಾಲುತ್ತಿದೆ ಎಂದು ಆಶ್ಚರ್ಯಪಡುವವರನ್ನು ಏನೆನ್ನೋಣ?

ಮೇಲಿನ ಕಂಬಗಳ ಸ್ಥಿತಿಯಾದರೂ ಏನು? 2019ರ ಜುಲೈಯಲ್ಲಿ 17 ಮಂದಿ ಶಾಸಕರು ಜನ ಕೊಟ್ಟ ಚಿಹ್ನೆಯನ್ನು ಬಿಟ್ಟು, ಸರ್ಕಾರ ಉರುಳಿಸಿ, ಅನರ್ಹರಾದರು. ಅನರ್ಹತೆ ಸರಿಯೆಂದು ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು, ಮತ್ತೆ ಸ್ಪರ್ಧಿಸಬಹುದೆಂದೂ ಹೇಳಿತು. ಅವರಲ್ಲಿ ಹೆಚ್ಚಿನವರು ಹೊಸ ಚಿಹ್ನೆಯಲ್ಲಿ ಗೆದ್ದು ಬಂದರು, ಹಲವರು ಮಂತ್ರಿಗಳಾದರು. ಪಕ್ಷಗಳಿಗೆ ದುಡ್ಡು ಕೊಟ್ಟವರಾರೆಂದು ಜನರಿಗೆ ತಿಳಿಯದಂತೆ 2018ರಲ್ಲಿ ತಂದ ಚುನಾವಣಾ ಬಾಂಡು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡುವವರೆಗೂ ನಡೆಯಿತು. ವಿಧಾನಸಭೆಯ ಉಮೇದುವಾರ ಕಾನೂನಿನ ಪ್ರಕಾರವೇ 40 ಲಕ್ಷ ಖರ್ಚು ಮಾಡಬಹುದು. ಕಾನೂನಿನ ಆಚೆಯದು ಎಷ್ಟು ಎಂಬುದನ್ನು ಬಲ್ಲವರು ಬಲ್ಲರು. ಮೇಷ್ಟರ ಸಂಬಳದಲ್ಲಿ ಬದುಕಿದ ನಮಗಂತೂ ಆ ಅಂಕಿ ಕೈಬೆರಳಿಗೆ ಸಿಗುವುದಿಲ್ಲ.

ನಮ್ಮನ್ನು ಸೇರಿಸಿಯೇ ಹೇಳುತ್ತಿದ್ದೇವೆ. ನಾವೇನು ಸಾಚಾಗಳೇ? ಹಿಂದೆ ನಮ್ಮವರು ಗದ್ದೆಯ ಬದುವಿನಲ್ಲಿ ಕುಳಿತು ಸಭೆ ಮಾಡುತ್ತಿದ್ದರು. ರಾತ್ರಿ ಗೇಣಿದಾರನ ಜಗುಲಿಯಲ್ಲಿ ಮಲಗಿ ಅವನ ಗಂಜಿಯನ್ನೇ ಕುಡಿಯುತ್ತಿದ್ದರು. ಈಗ ನಾವೂ ಓಟಿನ ಚೀಟಿ ಹಂಚಲು ಹೋದಾಗ ಮಾತ್ರ ಹಳ್ಳಿಯ ದಾರಿ ಕೇಳುತ್ತೇವೆ. ಪಕ್ಷದೊಳಗೆ ಚುನಾವಣೆ ನಡೆಸದೆ ಮೇಲಿನಿಂದ ಅಧ್ಯಕ್ಷರನ್ನು ನೇಮಿಸುವ ಚಾಳಿ ದೊಡ್ಡ ಪಕ್ಷಗಳದಷ್ಟೇ ಅಲ್ಲ, ಸಣ್ಣ ಪಕ್ಷಗಳದೂ ಆಗಿದೆ. ಹೋದ ಸಲ ನಮ್ಮ ತಾಲೂಕು ಸಮಿತಿಯ ಪಟ್ಟಿ ಓದಿದಾಗ ಹಿಂದೆ ಕುಳಿತಿದ್ದ ಒಬ್ಬ ಹಳೆಯ ಕಾರ್ಯಕರ್ತರು, "ಆರಿಸಿದ್ದು ಯಾವಾಗ್ರಪ್ಪಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಮುಂದಿನ ಸಭೆಗೆ ಬರಲೂ ಇಲ್ಲ.

ಇಷ್ಟೆಲ್ಲ ಇರುವಾಗ ಕೆಲವರು ಹೊಸ ಮದ್ದು ತಂದಿದ್ದಾರೆ. ಓಟು ಹಾಕದವನಿಗೆ ದಂಡ! ಗುಜರಾತಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಇಂಥ ಮಸೂದೆಯನ್ನು 2009ರಲ್ಲಿ ಮಂಡಿಸಿ, 2014ರಲ್ಲಿ ರಾಜ್ಯಪಾಲರ ಅಂಕಿತ ಪಡೆದರು. 2015ರಲ್ಲಿ ಅಲ್ಲಿನ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಆಸ್ಟ್ರೇಲಿಯದಲ್ಲಿ 1924ರಿಂದಲೂ ಇದೆಯಲ್ಲ ಎಂದು ಇಲ್ಲಿಯೂ ಆಗಾಗ ಈ ರಾಗ ಕೇಳಿಬರುತ್ತದೆ. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು, ಗುಳೆ ಹೋದ ಊರಿನಿಂದ ಬಂದು ಓಟು ಹಾಕಲಾಗದವನಿಗೆ ದಂಡ. ಒಳ್ಳೆಯದು. ಒಬ್ಬ ಕೂಲಿಕಾರ ಒಂದು ದಿನ ತಪ್ಪಿಸಿದರೆ ಅಪರಾಧವಾಗುವುದಾದರೆ, ಒಂದು ಸರ್ಕಾರ ಇಡೀ ರಾಜ್ಯದ ಚುನಾವಣೆಯನ್ನು ವರ್ಷಗಟ್ಟಲೆ ತಪ್ಪಿಸಿದರೆ ಅದಕ್ಕೆ ದಂಡವೆಷ್ಟು? ಅದನ್ನು ಯಾರ ಸಂಬಳದಿಂದ ಮುರಿದುಕೊಳ್ಳಬೇಕು?

ನಾವು ಲೇವಡಿಗಾಗಿ ಇದನ್ನು ಕೇಳುತ್ತಿಲ್ಲ, ಉತ್ತರವನ್ನೂ ತಂದಿದ್ದೇವೆ. ಪಂಚಾಯತಿಯಾಗಲಿ ನಗರಸಭೆಯಾಗಲಿ, ಅವಧಿ ಮುಗಿದ ದಿನದಿಂದ ಚುನಾವಣೆ ನಡೆಯುವ ದಿನದವರೆಗೆ ಆ ಪ್ರದೇಶದ ಶಾಸಕರ ಸ್ಥಳೀಯ ಅಭಿವೃದ್ಧಿ ನಿಧಿ ನಿಲ್ಲಬೇಕು. ಆ ದುಡ್ಡು ನೇರವಾಗಿ ಗ್ರಾಮ ಪಂಚಾಯತಿಗಳಿಗೆ ಹೋಗಬೇಕು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎರಡನ್ನೂ ರಾಜ್ಯ ಚುನಾವಣಾ ಆಯೋಗಕ್ಕೆ ಬಿಟ್ಟುಕೊಡಬೇಕು. ಈ ಒಂದು ಸಾಲಿನ ಕಾನೂನು ಬರಲಿ, ಆಮೇಲೆ ನೋಡಿ, ಚುನಾವಣೆಯ ತಾರೀಖು ಎಷ್ಟು ಬೇಗ ಗೊತ್ತಾಗುತ್ತದೆ!

ಇದನ್ನು ವಿಧಾನಸಭೆಯಲ್ಲಿ ಮಂಡಿಸಿರೆಂದು ಶಾಸಕರನ್ನು ಬೇಡುವುದು ಬೆಕ್ಕಿಗೆ ಹಾಲಿನ ಕಾವಲು ಕೊಟ್ಟಂತೆ. ಆದುದರಿಂದ ಗ್ರಾಮಸಭೆಗಳಿಂದ ಶುರುಮಾಡುತ್ತೇವೆ. ಮುಂದಿನ ಗ್ರಾಮಸಭೆಗೆ ಪ್ರತಿ ಹಳ್ಳಿಯಿಂದ ಹತ್ತು ಮಂದಿಯಾದರೂ ಹೋಗಿ ಈ ಠರಾವನ್ನು ಮಂಡಿಸಬೇಕು. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಪಿಡಿಒ ಹೇಳಬಹುದು. ಸಭೆಯ ಅಭಿಪ್ರಾಯವನ್ನು ದಾಖಲಿಸುವುದು ಅವರ ವ್ಯಾಪ್ತಿಗೇ ಬರುತ್ತದೆ ಎಂದು ತಿಳಿಸಿ, ನಡವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಸಹಿ ಮಾಡಿಯೇ ಏಳಬೇಕು. ನಕಲಿನ ಒಂದು ಪ್ರತಿಯನ್ನು ನಮ್ಮ ಕಚೇರಿಗೆ ಕಳಿಸಿಕೊಡಿ. ಯಾವ ಊರು ಬರೆಸಿತು, ಯಾವ ಊರಿನಲ್ಲಿ ಯಾರು ಅಡ್ಡಬಂದರು ಎಂಬುದನ್ನು ಊರಿನ ಹೆಸರಿನೊಡನೆ ಈ ಪತ್ರಿಕೆಯಲ್ಲಿ ವಾರವಾರವೂ ಪ್ರಕಟಿಸುತ್ತೇವೆ.